ಬಲವಂತದ ಮುಪ್ಪು

ಯಾರಾದರೂ ನನ್ನನ್ನು ಪುರಾತನ ಅಂದರೆ ಮೈಯೆಲ್ಲ ಉರಿಯುತ್ತದೆ. ನಾನು ಒಂದು ಗಾಜಿನ ಬಾಟಲಿ, ಅಷ್ಟೇ. ಒಡೆದ ಗಾಜನ್ನು ಕುಲುಮೆಯಲ್ಲಿ ಕರಗಿಸಿ, ಅಚ್ಚಿಗೆ ಸುರಿದು, ಗಾಳಿ ಊದಿ ನನ್ನನ್ನು ಮಾಡಿದರು. ಹುಟ್ಟಿದ್ದೇ ಬೆಂಕಿಯಲ್ಲಿ, ಇನ್ನು ಹೆದರಿಕೆ ಎಲ್ಲಿಂದ ಬರಬೇಕು? ಹೊಟ್ಟೆಗೆ ಮಾವಿನ ಮಿಡಿ ಉಪ್ಪಿನಕಾಯಿ ತುಂಬಿ ಅಂಗಡಿಗೆ ಕಳಿಸಿದರು.

ಹಾಸ್ಟೆಲಿನ ಸಪ್ಪೆ ಸಾರಿಗೆ ಜೊತೆಯಾಗಲಿ ಎಂದು ಶ್ಯಾಮಲಾ ನನ್ನನ್ನು ಕೊಂಡಳು. ಅವಳಿಗೆ ಅಪ್ಪ ಅಮ್ಮ ಇರಲಿಲ್ಲ. ಉಪ್ಪಿನಕಾಯಿ ಮುಗಿದ ಮೇಲೂ ಎಸೆಯದೆ ಹೇರ್‌ಪಿನ್ನು, ಪೆನ್ನು ಹಾಕಿಟ್ಟುಕೊಂಡಳು. ಮದುವೆಯಾಗಿ ನಂಜನಗೂಡಿಗೆ ಬರುವಾಗ ಟ್ರಂಕಿನಲ್ಲಿ ನಾನೂ ಬಂದೆ. ಅವಳ ತವರಿನ ಕಡೆಯಿಂದ ಬಂದ ಸಾಮಾನೆಂದರೆ ಹೆಚ್ಚುಕಡಿಮೆ ನಾನೊಬ್ಬನೇ.

ನವರಾತ್ರಿ ಹತ್ತಿರ ಬಂತು. ಆ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರ ಪಟ್ಟದ ಗೊಂಬೆಗಳು. ಅವು ಮದುವಣಗಿತ್ತಿಗೆ ತವರಿನವರು ಕೊಡುವಂಥವು. ಅತ್ತೆ ಕನಕಮ್ಮನ ಜೋಡಿ ಇತ್ತು, ದೊಡ್ಡ ಸೊಸೆ ವಸುಧಾಳ ಜೋಡಿಯೂ ಇತ್ತು. ಶ್ಯಾಮಲಾಳದು ಇರಲಿಲ್ಲ.

"ನಿಮ್ಮ ಕಡೆದು ಏನೂ ಇಲ್ವೇನೆ?" ಎಂದು ವಸುಧಾ ಕೇಳಿದಳು.

"ಇದೆ ಅಕ್ಕ, ನಮ್ಮಜ್ಜಿ ಮನೆ ದೀಪ" ಎಂದುಬಿಟ್ಟಳು ಶ್ಯಾಮಲಾ.

ಆ ಅಜ್ಜಿ ಮನೆ ದೀಪ ನಾನೇ! ಮಾರನೆಯ ದಿನ ಕೋಣೆಯ ಬಾಗಿಲು ಹಾಕಿಕೊಂಡು ನನ್ನೊಳಗೆ ಬೆಳ್ಳಿ ಬಣ್ಣ ಚಿಮ್ಮಿಸಿದಳು. ಎಣ್ಣೆಯ ಜಿಡ್ಡಿನ ಮೇಲಿಂದ ಎರಡು ಸಲ ಜಾರಿಸಿಬಿಟ್ಟೆ. ಬಿಟ್ಟಳೇ? ಸೀಗೆಪುಡಿ ಹಾಕಿ ತಿಕ್ಕಿ ಮತ್ತೆ ಬಳಿದಳು. ಬಣ್ಣ ಆರುವ ಮೊದಲೇ ವಿನೆಗರ್ ನೀರು ಚಿಮುಕಿಸಿ ಬಟ್ಟೆಯಲ್ಲಿ ಒತ್ತಿದಾಗ ಹಳೇ ಕನ್ನಡಿಯಂತೆ ಕಲೆ ಕಲೆಯಾದೆ. ಕತ್ತಿಗೆ ಕಂದು ಬಣ್ಣ, ಮುಚ್ಚಳಕ್ಕೆ ಮಾಸಲು ಚಿನ್ನದ ಬಣ್ಣ, ಹೊಟ್ಟೆಯೊಳಗೆ ಪುಟ್ಟ ಬಲ್ಬುಗಳ ಸೀರಿಯಲ್ ಸೆಟ್ಟು. ತುಂಬು ಪ್ರಾಯದವನಿಗೆ ಹಲ್ಲು ಕಿತ್ತು ಕೋಲು ಕೊಟ್ಟ ಹಾಗಾಯಿತು. ಅವಳ ಮೇಲೆ ನನಗೆ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು.

ಪಾಡ್ಯದ ಸಂಜೆ ಮುತ್ತೈದೆಯರು ಬಂದು ಕೂತರು. ಕೆಳಗಿನ ಮೆಟ್ಟಿಲ ಮೂಲೆಯಲ್ಲಿ ನಾನಿದ್ದೆ. ಕನಕಮ್ಮ ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು.

"ಈ ವರ್ಷದ ಹೊಸ ಗೊಂಬೆ ಎಲ್ಲಿ?"

ವರ್ಷಕ್ಕೊಂದಾದರೂ ಹೊಸದು ಸೇರಲೇಬೇಕು, ಅದು ಆ ಮನೆಯ ಪದ್ಧತಿ. ತಮ್ಮ ತಮ್ಮ ತವರಿನ ಹಳೇ ಸಾಮಾನು ಒರೆಸುವ ಭರದಲ್ಲಿ ಹೊಸದನ್ನು ಸೊಸೆಯರಿಬ್ಬರೂ ಮರೆತಿದ್ದರು.

"ಹೊಸದಿಲ್ದೆ ಆರತಿ ಎತ್ತೋದು ಹೇಗೆ? ಯಾವತ್ತೂ ಹೀಗಾಗಿಲ್ಲ" ಎಂದ ಕನಕಮ್ಮನ ಮುಖ ಬಾಡಿತು.

ಹೇಳು ಹುಡುಗಿ, ಹೇಳು! ನನಗೆ ಬಾಯಿದ್ದರೆ ಕೂಗುತ್ತಿದ್ದೆ.

ಶ್ಯಾಮಲಾ ಎದ್ದು ನಿಂತಳು. "ಅತ್ತೆ, ಆ ದೀಪ ಹೊಸದು. ಉಪ್ಪಿನಕಾಯಿ ಬಾಟ್ಲಿಯಿಂದ ನಾನೇ ಮಾಡಿದ್ದು. ನನಗೆ ಅಜ್ಜಿ ಮನೆ ಅಂತ ಯಾವುದೂ ಇಲ್ಲ."

"ಬಾಟ್ಲೀನಾ? ಬಾಟ್ಲಿಗೆ ಆರತಿ ಎತ್ತೋದಾ?" ವಸುಧಾ ನಕ್ಕಳು.

ಕನಕಮ್ಮ ನನ್ನನ್ನೆತ್ತಿ ಮುಚ್ಚಳ ಮೂಸಿದರು. "ನಿಮ್ಮಜ್ಜಿ ದೀಪಕ್ಕೆ ಇಂಗು ಯಾಕೆ ಹಾಕಿದ್ರು ಅಂತ ನಿನ್ನೆಯಿಂದ ಯೋಚಿಸ್ತಿದ್ದೆ ಕಣೇ. ಮೊದಲೇ ಹೇಳೋಕೇನಾಗಿತ್ತು?"

ಶ್ಯಾಮಲಾ ಅಳತೊಡಗಿದಳು. ಕನಕಮ್ಮ ವಸುಧಾಳ ಕಡೆ ತಿರುಗಿ "ಸ್ವಲ್ಪ ಜರುಗಿಸಮ್ಮ" ಎಂದು ಮೇಲಿನ ಮೆಟ್ಟಿಲಲ್ಲಿ ಜಾಗ ಮಾಡಿಸಿದರು. ಪಟ್ಟದ ಗೊಂಬೆಗಳ ಸಾಲಿನಲ್ಲಿ ನನ್ನನ್ನಿಟ್ಟು ಆರತಿ ಎತ್ತಿದರು. ಅವತ್ತು ನಾನು ಬೆಳಗಿದ್ದು ಸೀರಿಯಲ್ ಸೆಟ್ಟಿನಿಂದಲ್ಲ, ನಂಬಿದರೆ ನಂಬಿ.

ಕನಕಮ್ಮ ಹೋಗಿ ಬಹಳ ವರ್ಷಗಳಾದವು. ಈಗ ನನಗೆ ನಿಜವಾಗಿಯೂ ವಯಸ್ಸಾಗಿದೆ. ತಮಾಷೆಯೆಂದರೆ ಆ ಬಣ್ಣವೆಲ್ಲ ಉದುರಿ, ಮೊನ್ನೆ ಅಂಗಡಿಯಿಂದ ತಂದವನಂತೆ ಕಾಣುತ್ತೇನೆ. ಕಳೆದ ನವರಾತ್ರಿಯಲ್ಲಿ ಶ್ಯಾಮಲಾಳ ಮಗಳು ಬಣ್ಣದ ಡಬ್ಬಿ ತಂದು, "ಅಮ್ಮಾ, ಇದಕ್ಕೆ ಮತ್ತೆ ಆಂಟಿಕ್ ಲುಕ್ ಕೊಡ್ಲಾ?" ಎಂದಳು.

"ಮುಟ್ಟಬೇಡ" ಎಂದಳು ಶ್ಯಾಮಲಾ. ಬರಿಗಾಜಾಗಿಯೇ ನನ್ನನ್ನು ಮೇಲಿನ ಮೆಟ್ಟಿಲಲ್ಲಿಟ್ಟು, ಬಂದವರು ಕೇಳುವ ಮೊದಲೇ ಹೇಳಿದಳು: "ಇದು ನನ್ನ ಪಟ್ಟದ ಗೊಂಬೆ."