ಹುರುಳಿ ಸಾಲಿನ ಜಿಂಕೆಮರಿ

ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಅಂದು ಬೆಳಿಗ್ಗೆ ಬಿಳಿಗಿರಿಯ ಬೆಟ್ಟ ಇದೆಯೋ ಇಲ್ಲವೋ ಎನ್ನುವಷ್ಟು ಮಂಜು ಬಿದ್ದಿತ್ತು. ಹತ್ತು ಹೆಜ್ಜೆ ಆಚೆಯ ಬೇವಿನ ಮರ ಹೊಗೆಯಂತೆ ಕಾಣುತ್ತಿತ್ತು. ಹುರುಳಿ ಕೀಳುವುದಕ್ಕೆ ಅದೇ ಹೊತ್ತು. ಇಬ್ಬನಿ ಆರಿದರೆ ಕಾಯಿ ಸಿಡಿದು ಕಾಳೆಲ್ಲ ನೆಲದ ಪಾಲು. ಹಾಗಾಗಿ ಯಳಂದೂರಿನ ಆಚೆ, ಬೆಟ್ಟದ ಬುಡದ ಹೊಲದಲ್ಲಿ ಚನ್ನಮಲ್ಲಮ್ಮ, ಅವಳ ಮಗ ಪರಮೇಶ, ಸೊಸೆ ನಾಗಶ್ರೀ ಮೂವರೂ ಹೊತ್ತು ಹುಟ್ಟುವ ಮೊದಲೇ ಸಾಲು ಹಿಡಿದಿದ್ದರು.

ಕಾಡಿನ ಕಡೆಯ ಕೊನೆಯ ಸಾಲಿನಲ್ಲಿ ಚನ್ನಮಲ್ಲಮ್ಮನ ಕೈಗೆ ಬಳ್ಳಿಯ ಬದಲು ಒದ್ದೆ ಕೂದಲು ತಗುಲಿತು. ಬಾಗಿ ನೋಡಿದಳು. ಚುಕ್ಕಿ ಜಿಂಕೆಯ ಮರಿ. ಹುಟ್ಟಿ ಎರಡು ಮೂರು ದಿನವಾಗಿರಬೇಕು. ಕತ್ತನ್ನು ನೆಲಕ್ಕೆ ಚಾಚಿ ಮಲಗಿತ್ತು. ಓಡಲಿಲ್ಲ, ಕೂಗಲಿಲ್ಲ. ಮೈಮೇಲೆಲ್ಲ ಇಬ್ಬನಿ ಕೂತಿತ್ತು. ಸುತ್ತ ಎಲ್ಲೂ ತಾಯಿ ಇಲ್ಲ.

“ತಬ್ಬಲಿ ಕಣ್ಲಾ ಪರಮೇಶ. ತಾಯಿನ ಚಿರತೆ ಇಡ್ಕಂಡು ಓಗಿರ್ಬೇಕು. ಮಾದಪ್ಪಸ್ವಾಮೀನೇ ತಂದು ನಮ್ ಸಾಲ್ನಲ್ಲಿ ಮಲಗಿಸವ್ನೆ,” ಎಂದು ಹೊದ್ದಿದ್ದ ಕಂಬಳಿಯನ್ನು ತೆಗೆದು ಮರಿಯನ್ನು ಸುತ್ತಿಕೊಂಡಳು.

ಮನೆಗೆ ತಂದು ಕೊಟ್ಟಿಗೆಯಲ್ಲಿ ಬೆಂಕಿ ಮಾಡಿದರು. ಬಟ್ಟೆಯ ತುದಿಯನ್ನು ಹಸುವಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದರೆ ಮರಿ ಮುಖ ತಿರುಗಿಸಿತು. ಪರಮೇಶ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ. ನಾಗಶ್ರೀ ಮಾತ್ರ ಹಿತ್ತಿಲಿಗೆ ಹೋಗಿ, ಹೋದ ತಿಂಗಳು ಮಹಿಳಾ ಸಂಘದ ಸಭೆಗೆ ಬಂದಿದ್ದ ಅರಣ್ಯ ಇಲಾಖೆಯ ಗಾರ್ಡ್ ಭವ್ಯಳಿಗೆ ಸದ್ದಿಲ್ಲದೆ ಫೋನು ಮಾಡಿದಳು.

ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದರು. ಚನ್ನಮಲ್ಲಮ್ಮ ಗೌರಿಯ ಕಥೆ ತೆಗೆದಳು. ಅದು ಕೇರಿಗೆಲ್ಲ ಗೊತ್ತಿದ್ದ ಕಥೆ, ಆದರೂ ಯಾರೂ ಎದ್ದು ಹೋಗಲಿಲ್ಲ. ನಲವತ್ತು ವರ್ಷದ ಹಿಂದೆ ಅವಳು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಅವ್ವನನ್ನು ನೆನೆದು ಹಿತ್ತಿಲಲ್ಲಿ ಕೂತು ಅಳುತ್ತಿದ್ದಳು. ಮಾವ ಚಿಕ್ಕಮಾದಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಇಂಥದೇ ಮಾಗಿಯ ಬೆಳಿಗ್ಗೆ, ಇದೇ ಹೊಲದಿಂದ ಒಂದು ಜಿಂಕೆಮರಿ ತಂದು ಸೊಸೆಯ ಮಡಿಲಿಗೆ ಹಾಕಿದರು. ಮನೆಯ ಕರುವಿನ ಕೊರಳಿಂದ ಗೆಜ್ಜೆ ಬಿಚ್ಚಿ ಅದಕ್ಕೆ ಕಟ್ಟಿ, ಗೌರಿ ಎಂದು ಹೆಸರಿಟ್ಟರು. ಒರಳಿನಿಂದ ಬಾವಿಗೆ, ಬಾವಿಯಿಂದ ಒಲೆಗೆ, ಗೌರಿ ಗೆಜ್ಜೆ ಆಡಿಸುತ್ತ ಅವಳ ಸೆರಗು ಹಿಡಿದೇ ನಡೆಯಿತು. ಅವಳ ಅಳು ನಿಂತಿತು. ಆಮೇಲೆ ಗೌರಿ ದೊಡ್ಡದಾಗಿ ಬೆಟ್ಟಕ್ಕೆ ಹೋಯಿತು. ಕಥೆ ಯಾವಾಗಲೂ ಅಲ್ಲಿಗೆ ಮುಗಿಯುತ್ತಿತ್ತು. ಗೆಜ್ಜೆ ಇನ್ನೂ ದೇವರ ಗೂಡಿನಲ್ಲಿ ವಿಭೂತಿಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ತೆಗೆದು ಸೆರಗಿನಿಂದ ಒರೆಸುತ್ತ ಕೂತಳು.

ಹನ್ನೊಂದರ ಹೊತ್ತಿಗೆ ಭವ್ಯ ಬೈಕಿನಲ್ಲಿ ಬಂದಳು. ಅವಳು ಮೊದಲು ಕೇಳಿದ್ದೇ ಮರಿ ಹಾಲು ಕುಡಿಯಿತೇ ಎಂದು. ಇಲ್ಲ ಎಂದಾಗ ಸಮಾಧಾನದ ಉಸಿರು ಬಿಟ್ಟಳು. ಕಾಡಿನ ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ಮೆಲ್ಲಗೆ ಹೇಳಿದಳು.

ಚನ್ನಮಲ್ಲಮ್ಮ ಮಡಿಲಲ್ಲಿದ್ದ ಮರಿಯ ಕಂಬಳಿಯನ್ನು ಇನ್ನಷ್ಟು ಬಿಗಿದುಕೊಂಡಳು. “ಜೈಲ್ಗೆ ಆಕೀಯಾ ಮಗ? ಆಕು. ಅಲ್ಲೇನು ಮುದ್ದೆ ಕೊಡಕ್ಕಿಲ್ವಾ? ಈ ಚಳೀಲಿ ಇದ ಬಯಲಲ್ ಬುಟ್ಬುಟ್ಟು ಬರಕ್ಕೆ ನಿಂಗೆ ಮನ್ಸಾದ್ರೂ ಎಂಗ್ ಬತ್ತದೆ?”

ಭವ್ಯ ನಕ್ಕು ಜಗಲಿಯ ಮೇಲೆ ಕೂತಳು. ಹನೂರಿನ ಕಡೆಯ ರೈತರ ಮಗಳು ಅವಳು, ಅವಸರ ಮಾಡಲಿಲ್ಲ. ನಾಗಶ್ರೀ ಕೊಟ್ಟ ಕಾಫಿ ಕುಡಿಯುತ್ತ ಬೆಟ್ಟದ ಮಾಗಿ ಹೇಗಿರುತ್ತದೆ ಎಂದು ಹೇಳಿದಳು. ಮಳೆ ನಿಂತ ಮೇಲೆ ಮೇಲಿನ ಹುಲ್ಲು ಒಣಗುತ್ತದೆ. ರಾತ್ರಿಯ ಚಳಿ ತಡೆಯಲು ಮೈಗೆ ಹೆಚ್ಚು ಮೇವು ಬೇಕು, ಆದರೆ ಸಿಗುವ ಮೇವೇ ಕಡಿಮೆ. ಮುದಿ ಪ್ರಾಣಿಗಳು, ಬಡಕಲಾದವು ಎಷ್ಟೋ ಸಲ ಈ ಮೂರು ತಿಂಗಳು ದಾಟುವುದಿಲ್ಲ. ಹಾಲೂಡುವ ತಾಯಿ ಹಸಿರು ಹುಡುಕಿಕೊಂಡು ಕೆಳಗೆ ಇಳಿಯಲೇಬೇಕು, ದೂರ ಅಲೆಯಲೇಬೇಕು. ಮರಿಯ ಕಾಲಿಗೆ ಆ ಶಕ್ತಿ ಇಲ್ಲ. ಆದ್ದರಿಂದ ಅದನ್ನು ಮರೆಯಲ್ಲಿ ಮಲಗಿಸಿ ಹೋಗುತ್ತದೆ. ಎಳೆಯ ಮರಿಯ ಮೈಯಲ್ಲಿ ವಾಸನೆ ಬಹಳ ಕಡಿಮೆ, ಮಿಸುಕದೆ ಮಲಗಿದ್ದರೆ ನಾಯಿಯೂ ಪಕ್ಕದಲ್ಲೇ ಹಾದುಹೋಗಬಹುದು. ಜಾಗ ಶತ್ರುವಿಗೆ ಗೊತ್ತಾಗಬಾರದೆಂದು ತಾಯಿ ಹತ್ತಿರ ಸುಳಿಯುವುದಿಲ್ಲ. ಹಾಲೂಡಿಸುವ ಹೊತ್ತಿಗೆ ಮಾತ್ರ ಬರುತ್ತದೆ.

“ಅದು ತಬ್ಬಲಿ ಅಲ್ಲ ಅವ್ವ. ತಾಯಿ ಮಾತು ಕೇಳ್ಕಂಡು ಮಲಗಿತ್ತು, ಅಷ್ಟೇಯ. ಹೊಟ್ಟೇಲಿ ತಾಯಿ ಹಾಲಿದ್ರೆ ಈ ಚಳಿ ತಡ್ಕತದೆ. ಹಸುವಿನ ಹಾಲು ಅದಕ್ಕೆ ಒಗ್ಗಕ್ಕಿಲ್ಲ, ಭೇದಿ ಹತ್ಕತದೆ.”

“ನಾವು ಮುಟ್ಬುಟ್ವಲ್ಲ. ಮನ್ಸರ ವಾಸ್ನೆ ಬಡಿದ್ ಮೇಲೆ ತಾಯಿ ಸೇರಿಸ್ತದಾ?”

“ಸೇರಿಸ್ತದೆ. ಇವತ್ತೇ ಓಗ್ಬೇಕು. ಸಂಜೆ ಬಂದು ಕೂಗ್ತದೆ. ಎರಡ್ ಮೂರು ದಿನ ಕೂಗಿ ನೋಡ್ತದೆ. ಆಮೇಲೆ ಅದ್ರ ಹಾಲೂ ಬತ್ತೋಯ್ತದೆ.”

“ಎಂಗ್ ಕೂಗ್ತದೆ?”

ಭವ್ಯ ಬಾಯಿ ಮುಚ್ಚಿ, ಮೂಗಿನಿಂದ ಸಣ್ಣಗೆ, ಎಳೆದು ಕೂಗಿ ತೋರಿಸಿದಳು. ಅಲ್ಲಿಯವರೆಗೆ ಮಿಸುಕದಿದ್ದ ಮರಿ ಕಂಬಳಿಯೊಳಗಿಂದ ಎರಡೂ ಕಿವಿ ಎತ್ತಿತು.

ಚನ್ನಮಲ್ಲಮ್ಮನ ಕೈಯಲ್ಲಿ ಗೆಜ್ಜೆ ನಿಂತಿತು.

“ಈ ಕೂಗ ನಾ ಕೇಳಿವ್ನಿ,” ಎಂದಳು. “ಗೌರಿ ಬಂದಾಗ. ಮೂರು ಸಂಜೆ, ಹಿತ್ಲಾಚೆ ಬದಿನ್ ತಾವ. ಯಾವ್ದೋ ಇರುಳಕ್ಕಿ ಕೂಗು ಅನ್ಕಂಡು ಒಳೀಕ್ ಬಂದೆ.” ಆಮೇಲೆ ಮಗನ ಕಡೆ ತಿರುಗಿದಳು. “ಗೌರಿ ಬೆಟ್ಟಕ್ಕೆ ಓಗ್ನಿಲ್ಲ ಕಣ್ಲಾ. ಒಂಬತ್ತನೇ ದಿನ ಭೇದಿ ಅತ್ಕಂಡು ನನ್ ಮಡ್ಲಲ್ಲೇ ಓಯ್ತು. ಮಾವಯ್ಯನೇ ಮಣ್ ಮಾಡ್ ಬಂದ್ರು. ಯಾರ್ಗೂ ಏಳ್ಬೇಡ ಕಣವ್ವ ಅಂದ್ರು.”

ಪರಮೇಶ ಫೋನು ತೆಗೆದು ಆ ಫೋಟೊ ಅಳಿಸಿದ.

ಇಳಿಹೊತ್ತಿಗೆ ಚನ್ನಮಲ್ಲಮ್ಮ ಭವ್ಯ ಹೇಳಿದಂತೆ ಕೈಗೆ ಹುರುಳಿ ಸೊಪ್ಪು ಉಜ್ಜಿಕೊಂಡು, ಮರಿಯನ್ನು ತಾನೇ ಹೊತ್ತು ನಡೆದಳು. ಕೀಳದೆ ಬಿಟ್ಟಿದ್ದ ಆ ಕೊನೆಯ ಸಾಲಿನಲ್ಲಿ, ಬೆಳಿಗ್ಗೆ ಅದು ಬಿದ್ದಿದ್ದ ಗುಳಿಯಲ್ಲೇ ಮಲಗಿಸಿದಳು. ಮರಿ ಕತ್ತನ್ನು ಮತ್ತೆ ನೆಲಕ್ಕೆ ಚಾಚಿತು. ಎಲ್ಲರೂ ದೂರದ ಪಂಪ್‌ಸೆಟ್ ಮನೆಯ ಹಿಂದೆ ಕೂತರು. ಪರಮೇಶನಿಗೆ ಕೆಮ್ಮು ಬಂತು, ನಾಗಶ್ರೀ ಅವನ ಬಾಯಿಗೆ ಸೆರಗು ತುರುಕಿದಳು.

ಬೆಟ್ಟದಿಂದ ಮಂಜು ಇಳಿಯತೊಡಗಿದಾಗ ಬಿದಿರು ಮೆಳೆಯ ಕಡೆಯಿಂದ ಆ ಸಣ್ಣ ಕೂಗು ಬಂತು. ಒಂದು ಸಲ. ನಿಂತು ಇನ್ನೊಂದು ಸಲ. ಹೆಣ್ಣು ಜಿಂಕೆಯೊಂದು ಕಾಲೆತ್ತಿ, ಕಿವಿ ಆಡಿಸಿ, ಮುಂದೆ ಬಂತು. ಹುರುಳಿ ಸಾಲು ಅಲುಗಿತು. ಮರಿ ಎದ್ದು ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿ, ಬಾಲ ಆಡಿಸುತ್ತ ಹಾಲು ಕುಡಿಯಿತು. ಚನ್ನಮಲ್ಲಮ್ಮ ಕೈಮುಗಿದುಕೊಂಡೇ ಇದ್ದಳು.

ಬೆಟ್ಟದ ಬುಡದಲ್ಲಿ ಹೊಲ ಇರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಸಾಲಿನಲ್ಲೂ ಇಂಥ ಮರಿ ಮಲಗಿರಬಹುದು. ಮುಟ್ಟಬೇಡಿ. ಆ ಜಾಗ ಬಿಟ್ಟು ಮಿಕ್ಕಿದ್ದನ್ನು ಕೊಯ್ಯಿರಿ. ನಾಯಿಯನ್ನು ಕಟ್ಟಿಹಾಕಿ, ದೂರ ಸರಿಯಿರಿ, ತಾಯಿ ಬರುತ್ತದೆ. ಗಾಯವಾಗಿದ್ದರೆ, ತಾಯಿ ಸತ್ತಿದ್ದು ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಬರುವವರೆಗೆ ಏನನ್ನೂ ಕುಡಿಸಬೇಡಿ. ತಿಳಿಯದೆ ಎತ್ತಿ ತಂದಿದ್ದರೆ ನಾಚಿಕೆ ಬೇಡ, ಅಂದೇ ಅವರನ್ನು ಕರೆಯಿರಿ. ಕಾಡಂಚಿನ ಬದುವಿನ ಹುಲ್ಲಿಗೆ ಬೆಂಕಿ ಇಡಬೇಡಿ, ಮಾಗಿಯಲ್ಲಿ ಅವಕ್ಕೆ ಅದೇ ಮರೆ, ಅದೇ ಮೇವು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ. ಅಲ್ಲಿಯವರೆಗೆ ನಿಮ್ಮ ಹೊಲದಂಚು ಅವುಗಳಿಗೂ ಇರಲಿ.

ಸಂಕ್ರಾಂತಿಯ ದಿನ ದನಗಳ ಮೈ ತೊಳೆದು ಅರಿಶಿನ ಹಚ್ಚಿದರು. ಎಲ್ಲರೂ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದಾಗ ಚನ್ನಮಲ್ಲಮ್ಮ ದೇವರ ಗೂಡಿನಿಂದ ಗೆಜ್ಜೆ ತಂದಳು. ಕೊಟ್ಟಿಗೆಯ ಮೂಲೆಯಲ್ಲಿ ತಾಯಿಯ ಪಕ್ಕ ನಿಂತಿದ್ದ ಕರುವಿನ ಕೊರಳಿಗೆ ಅದನ್ನು ಕಟ್ಟಿ ಒಳಗೆ ಹೋದಳು.