ಖಾಲಿ ಇರುವವರು

ಪ್ರತಿ ಮನೆಯಲ್ಲೂ ಆಸ್ಪತ್ರೆಗೆಂದೇ ಮೀಸಲಾದ ಒಬ್ಬ ಮನುಷ್ಯ ಇರುತ್ತಾನೆ. ನಮ್ಮ ಮನೆಯಲ್ಲಿ ಅದು ನಾನು, ಉಳವಪ್ಪ. ಲಕ್ಷ್ಮೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ನಲವತ್ತು ದಾಟಿದರೂ ಮದುವೆಯಾಗಿಲ್ಲ. ಯಾರಿಗೆ ಜಡ್ಡು ಬಂದರೂ ‘ಉಳವಪ್ಪ ಖಾಲಿ ಅದಾನಲ್ಲ’ ಎನ್ನುತ್ತಾರೆ. ಅಂಗಡಿಯ ಶಟರ್ ಎಳೆದು ಬಂದವನು ಖಾಲಿ ಹೇಗಾಗುತ್ತಾನೋ ದೇವರೇ ಬಲ್ಲ. ಈ ಸಲ ಕಾಲು ಮುರಿದದ್ದು ಅಣ್ಣನ ಮಾವನಿಗೆ. ಅವರ ಸ್ವಂತ ಮಕ್ಕಳಿಗೆ ಪುರುಸೊತ್ತಿಲ್ಲ. ಊರ ಉಸಾಬರಿಯೆಲ್ಲ ನನ್ನ ತಲೆಗೆ.

ಗದಗಿನ ಆ ಆಸ್ಪತ್ರೆಯ ಪಡಸಾಲೆಯಲ್ಲಿ, ನನ್ನ ಚಾಪೆಯ ಆಚೆ, ಒಬ್ಬ ಹೆಂಗಸು ದಿನವೂ ಜಂಪರುಗಳಿಗೆ ಹುಕ್ಕು ಹಚ್ಚುತ್ತ ಕೂತಿರುತ್ತಿದ್ದಳು. ಕಣ್ಣ ಕೆಳಗೆ ಕಪ್ಪು. ನನ್ನ ಮುಖವೂ ಹಾಗೇ ಇದ್ದಿರಬೇಕು. ನಾವು ಮಾತಾಡಿರಲಿಲ್ಲ, ದಣಿದವರಿಗೆ ಮಾತೂ ಒಂದು ಕೆಲಸವೇ. ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಅಣ್ಣನ ಜೊತೆ ಜಗಳಾಡಿದ್ದು ಅವಳ ಕಿವಿಗೆ ಬಿತ್ತು.

“ನೀವೂ ಖಾಲಿ ಇರೋರೇನ್ರಿ?” ಅಂದಳು.

ಎಷ್ಟೋ ದಿನಗಳ ಮೇಲೆ ನಕ್ಕೆ.

ಹೆಸರು ಸೀಮಾ. ಕುರ್ತಕೋಟಿಯವಳು, ಹೊಲಿಗೆ ಕೆಲಸ. ದೊಡ್ಡವ್ವನ ಆರೈಕೆಗೆ ಬಂದಿದ್ದಳು. “ಲಗ್ನ ಆಗಿಲ್ಲಂದ್ರ ಮುಗೀತು ನೋಡ್ರಿ, ಮನಿಯವರ ಜಡ್ಡೆಲ್ಲಾ ನಮ್ಮ ಪಾಲಿಗೆ” ಅಂದಳು. ಅಂದಿನಿಂದ ಅವಳು ಮಲಗಿದಾಗ ದೊಡ್ಡವ್ವನ ಸಲಾಯಿನ್ ನಾನು ನೋಡುತ್ತಿದ್ದೆ. ನಾನು ಮಲಗಿದಾಗ ಮಾವನ ಗೊಣಗಾಟ ಅವಳು ಕೇಳುತ್ತಿದ್ದಳು. ಅವಳ ರೊಟ್ಟಿ, ನನ್ನ ಚಹಾ. ನನಗೆ ನಿದ್ದೆ ಬರಲೆಂದು ಇನ್ನೊಬ್ಬರು ಎಚ್ಚರವಿದ್ದದ್ದು ಅದೇ ಮೊದಲು. ಅವಳ ಮೇಲೆ ಮನಸ್ಸಾಯಿತು. ಮುಚ್ಚಿಡುವುದೇನಿದೆ?

ದೊಡ್ಡವ್ವನನ್ನು ಮನೆಗೆ ಕಳಿಸುವ ದಿನ ಬಂತು. ಸೀಮಾ ಗಂಟು ಕಟ್ಟುತ್ತಿದ್ದಳು. ನಾನು ಬಾಯಿ ತಪ್ಪಿ, “ಮತ್ತ ಯಾವಾಗ ಭೇಟಿ?” ಎಂದುಬಿಟ್ಟೆ.

“ಬಿಡ್ತು ಅನ್ನೋ ತಮ್ಮಾ!” ದೊಡ್ಡವ್ವ ಗದರಿದಳು. “ದವಾಖಾನಿ ಬಿಡೋರಿಗೆ ಹಂಗ ಕೇಳ್ತಾರೇನು?”

ಬಿಡ್ತು ಅಂದೆ. ಎಲ್ಲಿಂದ ಹೊರಟರೂ ‘ಬರ್ತೀನಿ’ ಅನ್ನುವವರು ನಾವು. ಆಸ್ಪತ್ರೆಯಿಂದ ಮಾತ್ರ ಅನ್ನುವಂತಿಲ್ಲ, ಜಡ್ಡನ್ನು ಮತ್ತೆ ಕರೆದಂತೆ. ಸೀಮಾ ಒಂದು ಮಾತೂ ಆಡದೆ ದೊಡ್ಡವ್ವನ ಕೈ ಹಿಡಿದು ನಡೆದಳು. ತಿರುಗಿಯೂ ನೋಡಲಿಲ್ಲ.

ಪದ್ಧತಿಗೆ ಬೆಂಕಿ ಬೀಳಲಿ ಎಂದುಕೊಂಡೆ. ಇನ್ನು ಅವಳನ್ನು ಕಾಣಬೇಕಾದರೆ ಇಬ್ಬರ ಮನೆಯಲ್ಲೂ ಯಾರಾದರೂ ಹಾಸಿಗೆ ಹಿಡಿಯಬೇಕು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಅಣ್ಣನಿಗೆ ಜ್ವರ ಬರಲಿ ಎಂದೂ ಬೇಡಿಕೊಂಡೆ.

ಕಿಟಕಿಯಿಂದ ಬಗ್ಗಿ ನೋಡಿದರೆ, ದೊಡ್ಡವ್ವ ಗೇಟಿನಾಚೆ ರಿಕ್ಷಾದಲ್ಲಿ ಕೂತಿದ್ದಳು. ಸೀಮಾ ಮಾತ್ರ ರಸ್ತೆಯಲ್ಲಿ ನಿಂತು, ನನ್ನತ್ತ ಕೈಬೀಸಿ ಕರೆಯುತ್ತಿದ್ದಳು. ಮಾವ ನೀರು ಕೇಳುತ್ತಿದ್ದರು. ಬಿಟ್ಟು ಓಡಿದೆ.

ನಾನು ಗೇಟು ದಾಟುವವರೆಗೂ ಅವಳು ಬಾಯಿ ತೆರೆಯಲಿಲ್ಲ.

“ದವಾಖಾನಿ ಇಲ್ಲಿಗೆ ಮುಗೀತ್ರಿ” ಅಂದಳು. “ಬರ್ತೀನ್ರಿ.”

“ಯಾವಾಗ?”

“ಐತವಾರ, ಲಕ್ಷ್ಮೇಶ್ವರಕ್ಕ. ಸೋಮೇಶ್ವರನ ಗುಡಿ ನಾ ಇನ್ನೂ ನೋಡಿಲ್ಲ.” ರಿಕ್ಷಾದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನೀವು ಇರ್ತೀರೇನು?”

ಅವಳೆದುರೇ ಅಣ್ಣನಿಗೆ ಫೋನ್ ಹಚ್ಚಿದೆ.

“ಅಣ್ಣಾ, ಐತವಾರ ನಿಮ್ಮ ಮಾವನ ಹತ್ರ ನೀನ ಬಂದು ಕುಂಡ್ರು. ನಾ ಖಾಲಿ ಇಲ್ಲ.”