ಆರನೇ ಕೋಣೆಯ ಕೆಂಪು ಉರಿ

ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರಿನ ಮೇಲೆ ತೆರೆದ ಕಿಟಕಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂವತ್ತೊಂದು ವರ್ಷ ಈ ಕಾಲೇಜಿನ ಬಾಯ್ಲರ್ ನೋಡಿಕೊಂಡವನ ಸಂಕಟ ಅದು. ಇಲ್ಲಿನ ಕೋಣೆಗಳಲ್ಲೇ ಉಳಿದು ಓದುವ ಹುಡುಗರು ರೇಡಿಯೇಟರನ್ನು ಕೊನೆಮಟ್ಟ ತಿರುಗಿಸುತ್ತಾರೆ, ಸೆಕೆಯಾಯಿತೆಂದು ಕಿಟಕಿ ತೆರೆಯುತ್ತಾರೆ, ಎರಡನ್ನೂ ಹಾಗೇ ಬಿಟ್ಟು ಪಬ್ಬಿಗೆ ಹೋಗುತ್ತಾರೆ. ನಾನು ಕಾಯಿಸಿದ ನೀರು ಉತ್ತರ ಇಂಗ್ಲೆಂಡಿನ ಆಕಾಶವನ್ನು ಬೆಚ್ಚಗೆ ಮಾಡುತ್ತದೆ. ಆಕಾಶ ಈವರೆಗೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ.

ಹಾಗಾಗಿ ಕಳೆದ ಬೇಸಿಗೆಯಲ್ಲಿ ಪ್ರತಿ ಕೋಣೆಯ ರೇಡಿಯೇಟರಿಗೂ ಹೊಸ ಬುದ್ಧಿವಂತ ವಾಲ್ವು ಬಂದಾಗ ನನ್ನಷ್ಟು ಹಿಗ್ಗಿದವರು ಯಾರೂ ಇಲ್ಲ. ಮುಷ್ಟಿಗಾತ್ರದ ಬಿಳಿ ಡಬ್ಬಿ. ಕೋಣೆ ಎಷ್ಟು ಬೆಚ್ಚಗಿದೆ, ಕಿಟಕಿ ತೆರೆದಿದೆಯೇ, ಯಾರು ಯಾವಾಗ ತಿರುಗಿಸಿದರು, ಎಲ್ಲವನ್ನೂ ಬಾಯ್ಲರ್ ಮನೆಯಲ್ಲಿರುವ ನನ್ನ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಒಂದೊಂದು ಕೋಣೆಗೂ ಹತ್ತೊಂಬತ್ತು ಡಿಗ್ರಿ ಎಂದು ನಾನೇ ಕೂತು ಹಾಕಿದೆ. ಬೇಕಾದವರು ಡಬ್ಬಿಯ ಮೂತಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಆದರೆ ನನ್ನ ಕಣ್ಣು ತಪ್ಪಿಸಿ ಅಲ್ಲ.

ಫೆಬ್ರವರಿಯ ಸ್ಪರ್ಧೆಯೂ ನನ್ನ ತಲೆಯಿಂದಲೇ ಹುಟ್ಟಿದ್ದು. ನಮ್ಮ ಹಳೇ ಕಟ್ಟಡದಲ್ಲಿ ಒಂದೊಂದು ಕಲ್ಲುಮೆಟ್ಟಿಲ ಸಾಲಿಗೆ ಎಂಟು ಕೋಣೆ, ಒಂದು ಅಡುಗೆಮನೆ; ಆ ಇಡೀ ಸಾಲನ್ನೇ ಇಲ್ಲಿ ಮೆಟ್ಟಿಲು ಎನ್ನುವುದು. ಅದೇ ಒಂದು ಮನೆತನ ಇದ್ದ ಹಾಗೆ. ಮೂರನೇ ಮೆಟ್ಟಿಲಿನವರು, ಐದನೇ ಮೆಟ್ಟಿಲಿನವರು ಎಂದೇ ಹುಡುಗರು ತಮ್ಮನ್ನು ಕರೆದುಕೊಳ್ಳುವುದು. ಜಂಭವೂ ಜಗಳವೂ ಅದರ ಮೇಲೇ. ತಿಂಗಳಲ್ಲಿ ಅತಿ ಕಡಿಮೆ ಬಿಸಿ ಬಳಸಿದ ಮೆಟ್ಟಿಲಿಗೆ ಪ್ರಿನ್ಸಿಪಾಲರ ಜೊತೆ ಮೇಲಿನ ಪಂಕ್ತಿಯಲ್ಲಿ ಮೇಣದಬತ್ತಿ ಹಚ್ಚಿದ ಊಟ ಎಂದು ಸಾರಿದೆವು. ಗೇಟಿನ ಪಕ್ಕದ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಪಟ್ಟಿ ಹಾಕಿದೆ. ಬಿಸಿ ಉಳಿಸಿದ ಕೋಣೆಗೆ ಹಸಿರೆಲೆಯ ಚಿತ್ರ, ಸುರಿದ ಕೋಣೆಗೆ ಕೆಂಪು ಉರಿಯ ಚಿತ್ರ. ಹೆಸರಿಲ್ಲ, ಬರೀ ಕೋಣೆಯ ನಂಬರು. ಎಂಟೇ ಕೋಣೆ ಇರುವಲ್ಲಿ ನಂಬರು ಹಾಕಿದರೂ ಒಂದೇ, ಹೆಸರು ಹಾಕಿದರೂ ಒಂದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಮೂರನೇ ಮೆಟ್ಟಿಲಿನ ಆರನೇ ಕೋಣೆಗೆ ಮೊದಲ ದಿನದಿಂದಲೂ ಕೆಂಪು ಉರಿ. ಹಗಲೂ ಇಪ್ಪತ್ತೆರಡು, ರಾತ್ರಿಯೂ ಇಪ್ಪತ್ತೆರಡು. ಉಳಿದ ಏಳು ಕೋಣೆಯವರು ಕೋಟು ಹಾಕಿಕೊಂಡೇ ಓದಿ ಉಳಿಸಿದ್ದನ್ನೆಲ್ಲ ಆ ಒಂದು ಕೋಣೆ ನುಂಗುತ್ತಿತ್ತು. ಒಂದು ವಾರದಲ್ಲಿ ಅಡುಗೆಮನೆಯಲ್ಲಿ ಚೀಟಿಗಳು ಶುರುವಾದವು. ನಮ್ಮ ಜನ ಎದುರಿಗೆ ಬೈಯುವುದಿಲ್ಲ, ಚೀಟಿ ಅಂಟಿಸುತ್ತೇವೆ. 'ಪ್ರೀತಿಯ ಆರನೇ ಕೋಣೆಗೆ, ಮಂಜೆಲ್ಲ ಕರಗಿತೆಂದು ಹಿಮಕರಡಿಗಳು ನಿಮ್ಮನ್ನು ವಿಚಾರಿಸುತ್ತಿವೆ' ಎಂದು ಒಂದು, ಕೆಳಗೆ ನಗುಮುಖ. 'ಆರನೇ ಕೋಣೆಯಲ್ಲಿ ಬಾಳೆ ಬೆಳೆಯುತ್ತಿದ್ದರೆ ನಮಗೂ ಒಂದು ಗೊನೆ ಕೊಡಿ' ಎಂದು ಇನ್ನೊಂದು. ಆ ಮೆಟ್ಟಿಲನ್ನು ಗುಡಿಸಿ ಒರೆಸುವ ಗ್ಲೆಂಡಾ ಎರಡನ್ನೂ ಕಿತ್ತು ತಂದು ನನ್ನ ಮೇಜಿನ ಮೇಲೆ ಎಸೆದು, ಇದು ಸರಿಯಲ್ಲ ಎಂದಳು. ಹುಡುಗರ ತಮಾಷೆ, ಬಿಡು ಎಂದು ನಾನು ನಕ್ಕೆ. ಹೌದು, ನಕ್ಕೆ. ಬಾಳೆಗೊನೆಯದು ನನಗೆ ಚೆನ್ನಾಗಿಯೇ ಇದೆ ಎನಿಸಿತ್ತು.

ಮಾರನೆಯ ದಿನ ಆ ಕೋಣೆಯ ಹುಡುಗಿಯೇ ಬಾಯ್ಲರ್ ಮನೆಗೆ ಬಂದಳು. ಮೊರೆನಿಕೆ ಎಂದು ಹೆಸರು. ಲಂಡನ್ನಿನವಳು, ಅವಳ ಅಪ್ಪ ಅಮ್ಮ ಲಾಗೋಸಿನಿಂದ ಬಂದವರು. ಎರಡನೇ ವರ್ಷ, ಗಣಿತ. ತೋಳು ಮುಚ್ಚುವ ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ಕತ್ತಿಗೆ ಶಾಲು. ಅದನ್ನು ನಾನು ನೋಡಿದೆ, ಆದರೆ ನೋಡಿದ್ದು ಕಣ್ಣು ಮಾತ್ರ.

"ನೆವ್, ನನ್ ಕೋಣೇನ ಪಟ್ಟಿಯಿಂದ ಬಿಡೋಕಾಗತ್ತಾ? ಬರೀ ಈ ತಿಂಗಳು," ಎಂದಳು. ನೆವಿಲ್ ಎಂಬ ನನ್ನ ಹೆಸರನ್ನು ಇಲ್ಲಿ ಎಲ್ಲರೂ ಹಾಗೇ ಮೊಟಕು ಮಾಡುವುದು.

ಎಲ್ಲರೂ ಹೀಗೇ ಕೇಳಿದರೆ ಪಟ್ಟಿ ಹೋಗಿ ಬರೀ ಹಲಗೆಯೊಂದೇ ಉಳಿಯುತ್ತದೆ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದೆ. "ಇನ್ನೊಂದು ಸ್ವೆಟರ್ ಹಾಕ್ಕೋಮ್ಮ. ಕಿಟಕಿ ಒಳಗಡೆ ಮಂಜು ಕಟ್ಟೋ ಮನೇಲಿ ನಮ್ಮಮ್ಮ ಆರು ಮಕ್ಕಳನ್ನ ಸಾಕಿದ್ಲು. ಒಬ್ರೂ ಸಾಯ್ಲಿಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಪಂಪಿನ ಕಡೆ ತಿರುಗಿದ್ದೆ. ಸರಿ, ಥ್ಯಾಂಕ್ಸ್, ತೊಂದರೆ ಕೊಟ್ಟೆ, ಸಾರಿ ಎಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ಅಂದು ಸಂಜೆಯೇ ಆರನೇ ಕೋಣೆ ಹದಿನೇಳಕ್ಕೆ ಇಳಿಯಿತು. ಎರಡು ದಿನ ಬಿಟ್ಟು ಹದಿನೈದಕ್ಕೆ. ನನಗೆ ಎಂಥ ಸಂತೋಷ. ಒಂದು ಮಾತಿನಲ್ಲಿ ದಾರಿಗೆ ತಂದೆ ಎಂದು ಬೀಗಿದೆ. ಹಲಗೆಯ ಮೇಲೆ ಕೆಂಪು ಉರಿ ಕಿತ್ತು ಹಸಿರೆಲೆ ಅಂಟಿಸಿ, ಪಕ್ಕದಲ್ಲಿ ನನ್ನ ಕೈಯಾರೆ 'ಶಹಭಾಸ್ ಆರನೇ ಕೋಣೆ' ಎಂದು ಬರೆದೆ. ನಕ್ಷತ್ರವನ್ನೂ ಬಿಡಿಸಿದೆ.

ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಕಸದ ಬುಟ್ಟಿ ಖಾಲಿ ಮಾಡಲು ಬಾಗಿಲು ತಟ್ಟಿದ ಗ್ಲೆಂಡಾಗೆ ಒಳಗಿನಿಂದ ನರಳುವ ಸದ್ದು ಕೇಳಿಸಿತು. ಹುಡುಗಿ ಕೋಟು ಹಾಕಿಕೊಂಡೇ ಹೊದಿಕೆಯೊಳಗೆ ಮುದುಡಿದ್ದಳು. ಕೈಕಾಲು ಆಡಿಸಲು ಆಗುತ್ತಿರಲಿಲ್ಲ, ಮುಟ್ಟಿದರೆ ಕಿರುಚುತ್ತಿದ್ದಳು. ಆಂಬುಲೆನ್ಸು ಅಂಗಳದ ಹುಲ್ಲಿನ ಮೇಲೆಯೇ ಬಂದು ನಿಂತಿತು. ಆ ಹುಲ್ಲಿನ ಮೇಲೆ ಯಾರೂ ಕಾಲಿಡಬಾರದೆಂಬುದು ಕಾಲೇಜಿನ ನಿಯಮ. ಆವತ್ತು ಯಾರೂ ಕೇಳಲಿಲ್ಲ.

ಹನ್ನೊಂದರ ಟೀ ಹೊತ್ತಿಗೆ ಗ್ಲೆಂಡಾ ಬಂದು ಕೂತಳು.

"ಸಿಕಲ್ ಸೆಲ್ ಇದೆ ಕಣೋ ಅವಳಿಗೆ. ರಕ್ತದ ಕಾಯಿಲೆ, ಹುಟ್ಟಿನಿಂದ್ಲೇ. ಚಳಿ ತಾಗಿದ್ರೆ ರಕ್ತ ಕಟ್ಕೊಂಡು ಮೂಳೆ ಮೂಳೆನೂ ನೋಯತ್ತೆ. ಮೊದಲನೇ ವಾರದಲ್ಲೇ ನಂಗೆ ಹೇಳಿದ್ಲು. ನಿಂಗೆ ಗೊತ್ತಿರ್ಲಿಲ್ವಾ?"

ಇಲ್ಲ ಎಂದೆ.

"ಆ ಹಾಳು ಪಟ್ಟಿ ಹಾಕಿದವರಿಗೆ ಸ್ವಲ್ಪನಾದ್ರೂ ನಾಚಿಕೆ ಇರ್ಬೇಕು," ಎಂದಳು, ನನ್ನ ಮುಖ ನೋಡದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಹೆಗಲ ಮೇಲೆ ಕಾಯಿಯೇ ಇತ್ತು, ಮುಟ್ಟಿ ನೋಡುವುದೇನು ಬಂತು.

ಮಧ್ಯಾಹ್ನ ಕಟ್ಟಡಗಳ ಉಸ್ತುವಾರಿ ಮಿಸೆಸ್ ಹಾರ್ಗ್ರೀವ್ ಕರೆಸಿದರು. ಹುಡುಗಿಯ ತಂದೆ ಫೋನು ಮಾಡಿ, ಕೋಣೆ ಏಕೆ ತಣ್ಣಗಿತ್ತು ಎಂದು ಕೇಳಿದ್ದಾರಂತೆ. ಕಾಲೇಜು ಉತ್ತರ ಕೊಡಬೇಕು. ಈ ತಿಂಗಳ ದಾಖಲೆ ಮುದ್ರಿಸಿ ಕೊಡಿ, ಯಾರು ಇಳಿಸಿದರು ಎಂದು ಗೊತ್ತಾದರೆ ಸಾಕು ಎಂದರು. ನಾನು ತಪ್ಪಿಸಿಕೊಳ್ಳುವ ದಾರಿ ಅವರೇ ತೋರಿಸಿದ್ದರು. ದಾಖಲೆಯಲ್ಲಿ ಸ್ಪಷ್ಟವಾಗಿದೆ: ಹದಿನೇಳು, ಕೋಣೆಯಲ್ಲಿದ್ದವರು ಕೈಯಿಂದ ಇಳಿಸಿದ್ದು. ಹದಿನೈದು, ಅದೂ ಹಾಗೆಯೇ. ಇಷ್ಟನ್ನು ಮುದ್ರಿಸಿಕೊಟ್ಟರೆ ನಾನು ಕೈ ತೊಳೆದುಕೊಳ್ಳಬಹುದಿತ್ತು. ನಿಜ ಹೇಳುತ್ತೇನೆ, ಬಾಯ್ಲರ್ ಮನೆಗೆ ವಾಪಸು ಹೋಗುವಾಗ ನನ್ನ ಎದೆ ಸ್ವಲ್ಪ ಹಗುರವಾಗಿತ್ತು.

ಆದರೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇಳಿಸಿದ್ದು ಅವಳು, ಸರಿ. ಇಪ್ಪತ್ತೆರಡಕ್ಕೆ ಏರಿಸಿದ್ದು ಯಾವಾಗ? ದಾಖಲೆಯನ್ನು ಹಿಂದಕ್ಕೆ ಸರಿಸುತ್ತ ಹೋದೆ. ಜನವರಿ, ಡಿಸೆಂಬರ್, ನವೆಂಬರ್, ಎಲ್ಲೂ ಅವಳು ಡಬ್ಬಿಯನ್ನು ಮುಟ್ಟಿಯೇ ಇಲ್ಲ. ಅಕ್ಟೋಬರ್ ನಾಲ್ಕನೇ ತಾರೀಕಿಗೆ ಬಂದೆ. ಇಪ್ಪತ್ತೆರಡು ಡಿಗ್ರಿ. ಹಾಕಿದವರು: ನೆವಿಲ್. ಅದರ ಮುಂದೆ ನಾನೇ ಬರೆದಿಟ್ಟ ಟಿಪ್ಪಣಿ: 'ವೈದ್ಯಕೀಯ ಕಾರಣ. ಬದಲಿಸಬಾರದು.'

ವಿದ್ಯಾರ್ಥಿಗಳ ಕ್ಷೇಮ ನೋಡುವ ಕಚೇರಿಯಿಂದ ಪತ್ರ ಬಂದಿತ್ತು. ಎಲ್ಲ ಕೋಣೆಗೂ ಅಂಕಿ ತುಂಬುವ ಗಡಿಬಿಡಿಯಲ್ಲಿ ಅದನ್ನೂ ತುಂಬಿದ್ದೆ, ಮರೆತಿದ್ದೆ. ನಾನೇ ಕೊಟ್ಟ ಬಿಸಿಗೆ ನಾನೇ ಕೆಂಪು ಉರಿ ಅಂಟಿಸಿ, ಊರವರೆಲ್ಲ ನೋಡುವ ಹಾಗೆ ಗೇಟಿನಲ್ಲಿ ತೂಗುಹಾಕಿದ್ದೆ. ಅವಳು ಕೇಳಿಕೊಂಡು ಬಂದಾಗ ಅಮ್ಮನ ಕತೆ ಹೇಳಿ ಕಳಿಸಿದ್ದೆ.

ಅಕ್ಟೋಬರಿನಿಂದ ಪೂರಾ ದಾಖಲೆ ಮುದ್ರಿಸಿದೆ. ಅವಳು ಬಾಯ್ಲರ್ ಮನೆಗೆ ಬಂದದ್ದು, ನಾನು ಅಂದದ್ದು, ಅದನ್ನೂ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಮಿಸೆಸ್ ಹಾರ್ಗ್ರೀವ್ ಓದಿ, ಇಷ್ಟೆಲ್ಲ ಬೇಕಿರಲಿಲ್ಲ ಎಂದರು. ಬೇಕಿತ್ತು ಎಂದೆ. ಹಲಗೆಯನ್ನು ಸಂಜೆಯೇ ಇಳಿಸಿದೆ. ಕೆಲಸದ ಮಟ್ಟಿಗೆ ಏನಾಗುತ್ತದೋ ಇನ್ನೂ ತಿಳಿಯದು, ಆಗುವುದು ಆಗಲಿ.

ಭಾನುವಾರ ದ್ರಾಕ್ಷಿ ಹಿಡಿದು ಆಸ್ಪತ್ರೆಗೆ ಹೋದೆ. ಕೈಗೆ ಸೂಜಿ ಚುಚ್ಚಿತ್ತು, ತುಟಿ ಒಣಗಿತ್ತು, ಆದರೆ ನೋವು ತಗ್ಗಿದೆ ಎಂದಳು. ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದ ಮಾತನ್ನು ಕುರ್ಚಿ ಎಳೆದುಕೊಂಡು ಕೂತು ಹೇಳಿದೆ.

"ಇಪ್ಪತ್ತೆರಡು ಹಾಕಿದ್ದು ನಾನೇಮ್ಮ. ಡಾಕ್ಟರ್ ಹೇಳಿದ್ದಾರೆ, ಮುಟ್ಟಬಾರದು ಅಂತ ಬರ್ಕೊಂಡಿದ್ದೂ ನಾನೇ. ಮರೆತದ್ದೂ ನಾನೇ. ನಿಂದೇನೂ ತಪ್ಪಿಲ್ಲ."

"ಸಾರಿ ನೆವ್," ಎಂದಳು ಅವಳು. "ನಾನು ಆವತ್ತೇ ಹೇಳ್ಬೇಕಿತ್ತು. ಕಾಯಿಲೆ ಅಂದ್ರೆ ನೆಪ ಹೇಳ್ತಿದೀನಿ ಅನ್ಕೋತೀರೇನೋ ಅನ್ನಿಸ್ತು."

ಅನ್ನಿಸಿದ್ದು ಸುಳ್ಳಲ್ಲ. ನಾನು ಹಾಗೆ ಅಂದುಕೊಳ್ಳುವವನೇ. ಆಮೇಲೆ ಅವಳೇ ಕೇಳಿದಳು.

"ನಾವು ಗೆದ್ವಾ?"

ಸ್ಪರ್ಧೆ ಶುಕ್ರವಾರಕ್ಕೆ ಮುಗಿದಿತ್ತು. ಹಲಗೆ ಇಳಿಸಿದರೂ ಲೆಕ್ಕ ಕಂಪ್ಯೂಟರಿನಲ್ಲಿತ್ತು. ಮೂರನೇ ಮೆಟ್ಟಿಲು ಕೂದಲೆಳೆಯಷ್ಟು ಮುಂದಿತ್ತು. ಆ ಕೂದಲೆಳೆ ಯಾವುದೆಂದೂ ನನಗೆ ಗೊತ್ತಿತ್ತು. ಆರನೇ ಕೋಣೆ ತಣ್ಣಗೆ ಕೊರೆದ ದಿನಗಳು, ಅದರ ಮೇಲೆ ಯಾರೂ ಇಲ್ಲದೆ ಬರಿದಾಗಿದ್ದ ದಿನ.

"ಗೆದ್ರಿ," ಎಂದೆ.

ಅವಳ ಮುಖ ಅರಳಿತು. ಬಂದಾಗಿನಿಂದ ಮೊದಲ ಸಲ ನಕ್ಕಳು.

"ಹಾಗಾದ್ರೆ ಅವ್ರಿಗೆ ನನ್ ಮೇಲೆ ಕೋಪ ಇರಲ್ಲ."

ದ್ರಾಕ್ಷಿ ತೊಳೆದುಕೊಂಡು ಬರುತ್ತೇನೆ ಎಂದು ನಾನು ಎದ್ದು ಹೋದೆ. ಅದನ್ನು ಮನೆಯಲ್ಲೇ ತೊಳೆದು ತಂದಿದ್ದೆ.